ಬಲಸುತ್ತು

ಮೊದಲ ನಡೆ ಇಡುವ ಮುಂಚೆಯೇ
ಹದಿನೆಂಟು ದಿನ ಜಗಳ.

ಹಲಗೆ ಇರುವುದು ನನ್ನ ಹತ್ತಿರ, ದುರ್ಗದಲ್ಲಿ,
ಫೋಟೋಕ್ಕೆ ಕಟ್ಟು ಹಾಕುವ ಅಂಗಡಿಯ ಹಿಂಬದಿ:
ಯಾರೂ ಬಿಡಿಸಿಕೊಂಡು ಹೋಗದ ಮದುವೆ ಜೋಡಿಯೊಂದರ
ಗಾಜಿನ ಮೇಲೆ ಬರೆದ ನಾಲ್ಕು ಕೋಟೆ, ಒಂಬತ್ತು ಬಾವಿ.
ದಸ್ತಗೀರ್ ದಾವಣಗೆರೆಯಲ್ಲಿ, ಮಂಡಕ್ಕಿ ಭಟ್ಟಿಯ ಮುಂದೆ.
ಕೊಟ್ರಮ್ಮ ಜಗಳೂರು ಆಸ್ಪತ್ರೆಯಲ್ಲಿ, ರಾತ್ರಿ ಪಾಳಿ.
ಪಾಲಯ್ಯ ಚಳ್ಳಕೆರೆಯ ಲಾರಿ ಕಾಂಟಾದಲ್ಲಿ
ಶೇಂಗಾ ತೂಗುತ್ತ, ಫೋನು ಕಿವಿಗೂ ಹೆಗಲಿಗೂ ನಡುವೆ.

ವಯಸ್ಸಿನ ಪ್ರಕಾರ, ಅಂದ ಪಾಲಯ್ಯ.
ಅವನೇ ಹಿರಿಯ.
ಚೀಟಿ ಎತ್ತೋಣ, ಅಂದಳು ಕೊಟ್ರಮ್ಮ.
ಚೀಟಿ ಎತ್ತುವ ಕೈ ಯಾರದು? ನನ್ನದೇ.
ಸರಿ, ಎಲ್ಲ ಆಟದ ಹಾಗೆ ಬಲಕ್ಕೆ ಹೋಗೋಣ, ಅಂದೆ.
"ಯಾರ ಬಲಕ್ಕೋ ದೋಸ್ತ?" ದಸ್ತಗೀರ್ ನಕ್ಕ.
"ನಾನು ಭಟ್ಟಿಗೆ ಮುಖ ಮಾಡಿ ಕುಂತೀನಿ,
ನನ್ನ ಬಲಕ್ಕೆ ಹೊಟ್ಟಿನ ಚೀಲ."

ಹೌದಲ್ಲ.
ಒಂದೇ ಹಲಗೆಯ ಸುತ್ತ ಕೂತವರಿಗಷ್ಟೇ
ಬಲಗೈ ಪಕ್ಕ ಒಬ್ಬರಿರುತ್ತಾರೆ.

ಕೊನೆಗೆ ಕೊಟ್ರಮ್ಮನೇ, ವಾರ್ಡಿನ ಗೋಡೆಗೆ ಅಂಟಿಸಿದ
ಪೋಲಿಯೋ ಹನಿಯ ಹಳೇ ನಕ್ಷೆ ನೋಡುತ್ತ:
ದಾವಣಗೆರೆಯಿಂದ ಜಗಳೂರು, ಅಲ್ಲಿಂದ ಚಳ್ಳಕೆರೆ,
ತಿರುಗಿದರೆ ದುರ್ಗ, ಹೆದ್ದಾರಿ ಹಿಡಿದರೆ ಮತ್ತೆ ದಾವಣಗೆರೆ.
"ಬಲಸುತ್ತು. ಗಡಿಯಾರದ ಮುಳ್ಳೂ ಹಿಂಗೇ ಹೋಗ್ತದೆ."

ಅಂದರೆ ನಾನು ಕೊನೆ.
"ಬಡಿಸೋನು ಕೊನೆಗೇ ಉಣ್ಣಬೇಕು," ಪಾಲಯ್ಯ ಗದರಿದ,
"ಬಡಿಸೋನು ನಮ್ಮೋನೋ ಅಲ್ಲವೋ ಆಮೇಲೆ ನೋಡೋಣ."

ಉಳಿದದ್ದು ಬೇಗ ಮುಗಿಯಿತು.
ನಡೆ ಆದಮೇಲೆ ಮುಂದಿನವರಿಗೊಂದು ಮಿಸ್ಡ್ ಕಾಲ್.
ಕರೆಂಟು ಹೋದ ದಿನ ಲೆಕ್ಕಕ್ಕಿಲ್ಲ.
ಹೆರಿಗೆ ಕೇಸು ಬಂದರೆ ಕೊಟ್ರಮ್ಮನಿಗೆ ಬೆಳಗಿನ ತನಕ ಮಾಫಿ.
ಭಟ್ಟಿ ಹತ್ತುವ ಹೊತ್ತಿಗೆ ತನಗೂ ಮಾಫಿ ಬೇಕೆಂದು
ದಸ್ತಗೀರ್ ಕೇಳಿದ; ಸಿಗಲಿಲ್ಲ.

ಮೂರನೇ ಸುತ್ತಿನಲ್ಲಿ
ಟ್ಯೂಬ್‌ಲೈಟಿನಿಂದ ಹಲ್ಲಿಯೊಂದು ಬಿತ್ತು ಹಲಗೆಯ ಮೇಲೆ.
ತಲೆಗೆ ಬಿದ್ದರೆ ಏನು, ಭುಜಕ್ಕೆ ಬಿದ್ದರೆ ಏನು
ಪಂಚಾಂಗದಲ್ಲಿದೆ.
ಏಳನೇ ಬಾವಿಗೆ ಬಿದ್ದರೆ ಏನು ಫಲ, ಬರೆದಿಲ್ಲ.

ಪಾಲಯ್ಯನ ಎರಡು ಹುಣಸೆ ಬೀಜ ಜಾರಿದವು.
ಒಂದು ಎಲ್ಲಿತ್ತೆಂದು ಗೊತ್ತು. ಇನ್ನೊಂದು
ಬಾವಿಯ ಈಚೆಗಿತ್ತೋ, ಆಚೆಗೋ.
ಆಚೆಗಿದ್ದರೆ ನನ್ನ ಕೋಟೆ ಹೋಯಿತು.

ಫೋನಿನಲ್ಲಿ ಲಾರಿಯೊಂದು ಹಿಂದೆ ಸರಿಯುವ ಸದ್ದು.
"ನಂಗೂ ನೆನಪಿಲ್ಲಪ್ಪ," ಅಂದ ಪಾಲಯ್ಯ,
"ನಿಂಗೆ ಎಲ್ಲಿ ಕಂಡಿತ್ತೋ ಅಲ್ಲಿಡು."
ಇಟ್ಟೇಬಿಟ್ಟ, ಫೋನು.

ಬೀಜ ಬೆರಳ ನಡುವೆ ಹಿಡಿದು ಕೂತಿದ್ದೇನೆ.
ಗಾಜಿನಡಿಯಿಂದ ಆ ಮದುಮಕ್ಕಳಿಬ್ಬರೂ
ಮೇಲೆ ನೋಡುತ್ತಿದ್ದಾರೆ.
ಮೂರು ಗಂಟೆ. ದಾವಣಗೆರೆಯಲ್ಲಿ ಭಟ್ಟಿ ಹತ್ತಿರಬೇಕು.
ಪಾಳಿ
ಇನ್ನೂ ನನ್ನದಲ್ಲ.