ಹಳದಿ ಇಳಿಯುವವರೆಗೆ

ಮೂರು ದಿನದಿಂದ ಕಲೀಮಾ ಗಾಳಿ.
ಸಹಾರಾದ ಧೂಳು ಕಡಲು ದಾಟಿ ಬಂದು
ಫುವೆರ್ತೆವೆಂತೂರಾದ ಕಿಟಕಿಗಳ ಮೇಲೆ ಕೂತಿದೆ,
ಒಗೆದು ಹರವಿದ ಬಟ್ಟೆಯ ಮೇಲೆ, ಆಡಿನ ಕಣ್ಣೆವೆಯ ಮೇಲೆ,
ನನ್ನ ಮಗ ಅಯೋಸೆಯ ಮುಖದ ಮೇಲೂ.

ಹದಿನಾರು ಅವನಿಗೆ. ಹಣೆಯಿಂದ ದವಡೆಯವರೆಗೆ ಮೊಡವೆ.
ಒಂದು ಆರಿತು ಎನ್ನುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು.
ಈ ದ್ವೀಪ ಕಡಲಿಂದ ಎದ್ದದ್ದೂ ಹೀಗೇ ಕಣೋ,
ಒಳಗಿನ ಕೆಂಡ ತಡೆಯಲಾರದೆ,
ಎಂದೆ ಒಂದು ಸಲ, ಸಮಾಧಾನಕ್ಕೆ.
ತಟ್ಟೆ ಬಿಟ್ಟು ಎದ್ದು ಹೋದ.

ಟೋಪಿಯನ್ನು ಮನೆಯೊಳಗೂ ತೆಗೆಯುವುದಿಲ್ಲ.
ಬಚ್ಚಲ ಕನ್ನಡಿಗೆ ಟವೆಲ್ ಹೊದಿಸಿದ್ದಾನೆ.
ಕಾರ್ನಿವಲ್ ಬಂದರೆ ಸಾಕು ಎನ್ನುತ್ತಾನೆ,
ಆ ಒಂದು ವಾರ
ಊರಿಗೆ ಊರೇ ಮುಖವಾಡ ಹಾಕುತ್ತದಲ್ಲ.

ನಾನು ಕೊರಾಲೆಹೊದ ಹೋಟೆಲಿನಲ್ಲಿ
ದಿನಕ್ಕೆ ಹದಿನೆಂಟು ಕೋಣೆ ಗುಡಿಸುವವಳು.
ಜನ ಬಿಟ್ಟುಹೋದ ಬಾಟಲಿ ಎಷ್ಟು ಕಂಡಿಲ್ಲ!
ಹಸಿರು ಬಣ್ಣ, ಹಸಿರು ಪರಿಮಳ, ಮೇಲೊಂದು ಎಲೆಯ ಚಿತ್ರ.
ಒಂದನ್ನು ತಂದು ಕೊಟ್ಟೆ. ಉರಿ ಉರಿ ಎಂದು ಕುಣಿದ.
ಹಿತ್ತಲ ಗಿಡ ಆಗ ನೆನಪಾಯಿತು.
ಅದನ್ನು ಮದ್ದೆಂದು ಯಾರು ಎಣಿಸುತ್ತಾರೆ?

ನೀರಿನ ತೊಟ್ಟಿಯ ಹಿಂದೆ, ಸುಣ್ಣದ ಗೋಡೆಗೆ ಒರಗಿ,
ಮಳೆಗೆ ಕಾಯುವುದನ್ನೇ ಬಿಟ್ಟ ಲೋಳೆಸರ.
ನಮ್ಮ ಬಾಯಲ್ಲಿ ಸಾಬಿಲ. ನನ್ನಮ್ಮ ಪಿನೊ ನೆಟ್ಟದ್ದು.
ಅವಳು ಹೇಳುತ್ತಿದ್ದಳು: ನಡುವಿನ ಕುಡಿ ಮುಟ್ಟಬೇಡ,
ಹೊರಗಿನ ಮುದಿ ಎಲೆಯನ್ನು ಬುಡದಲ್ಲಿ ಕುಯ್ಯಿ.
ಕುಯ್ದ ಕೈಯಲ್ಲೇ ಹಚ್ಚೀಯೆ, ಜೋಕೆ.
ಮೊದಲು ಬರುವುದು ಮದ್ದಲ್ಲ, ಗಿಡದ ಸಿಟ್ಟು.
ಲೋಟದಲ್ಲಿ ನಿಲ್ಲಿಸು, ಗಾಯ ಕೆಳಗೆ ಮಾಡಿ.
ಹಳದಿ ಪೂರ್ತಿ ಇಳಿಯಲಿ.

ನಿಲ್ಲಿಸಿದೆ. ರಾತ್ರಿಯೆಲ್ಲ ಇಳಿಯಿತು,
ಗಾಜಿನ ತಳದಲ್ಲಿ ಕರಕು ಜೇನಿನ ಬಣ್ಣ,
ಬೆವರಿದ ಕಂಕುಳಿನ ಘಾಟು.

ಆ ಘಾಟು ನನಗೆ ಗೊತ್ತು.
ಎದೆಹಾಲು ಬಿಡಿಸಲು ಇದನ್ನೇ, ಈ ಹಳದಿಯನ್ನೇ
ತೊಟ್ಟಿಗೆ ಸವರಿಕೊಂಡಿದ್ದೆ.
ಒಂದೂವರೆ ವರ್ಷ ಆಗ. ಬಾಯಿಟ್ಟ.
ಬಿಟ್ಟ.
ತಕ್ಷಣ ಅತ್ತಿದ್ದರೆ ಸುಲಭವಿತ್ತು,
ಬರೀ ನೋಡಿದ ನನ್ನನ್ನು,
ತನ್ನ ಮನೆಯ ಬಾಗಿಲು ತೆರೆದರೆ
ಒಳಗೆ ಬೇರೆ ಯಾರೋ ಇದ್ದ ಹಾಗೆ.
ಮೂರು ರಾತ್ರಿ ಅಷ್ಟೆ. ಆಮೇಲೆ ಗೋಫಿಯೊ ಗಂಜಿ ತಿಂದ,
ಬೆಳೆದ.

ಬೆಳಿಗ್ಗೆ ಎಲೆ ತೊಳೆದೆ, ಮುಳ್ಳಂಚು ಹೆರೆದೆ.
ಸಿಪ್ಪೆ ಸುಲಿದರೆ ಒಳಗೆ ಬಣ್ಣವೇ ಇಲ್ಲದ ತಣ್ಣನೆ ತುಂಡು,
ಹಿಡಿದಷ್ಟೂ ಜಾರುವ ಮೀನು.
ಮೊದಲು ಕಿವಿಯ ಹಿಂದೆ ಒಂದು ಹನಿ ಹಚ್ಚಿ, ಒಂದು ದಿನ ಕಾದೆವು.
ತುರಿಸಲಿಲ್ಲ, ದದ್ದು ಏಳಲಿಲ್ಲ.
ಮಿಕ್ಕ ತುಂಡು ಫ್ರಿಜ್ಜಿನಲ್ಲಿ, ಮೊಟ್ಟೆಗಳ ಪಕ್ಕ.

ಮರುದಿನ ಅಡುಗೆಮನೆಯ ಕುರ್ಚಿಯಲ್ಲಿ ಬಂದು ಕೂತ.
ಟೋಪಿ ತೆಗೆದ.
ಎಷ್ಟು ತಿಂಗಳಾಗಿತ್ತು ಆ ಹಣೆ ನೋಡಿ.

ಉಜ್ಜಲಿಲ್ಲ. ಸುಮ್ಮನೆ ಇಟ್ಟೆ, ಎತ್ತಿದೆ, ಇಟ್ಟೆ.
ಬ್ಲೀಚಿನಲ್ಲಿ ಒರಟಾದ ನನ್ನ ಬೆರಳೂ
ಆ ಲೋಳೆಯಲ್ಲಿ ಮೆತ್ತಗಾಗಿತ್ತು.
ವಾಸಿಯಾಗುತ್ತೆ ಅಂತ ನಾನು ಹೇಳಲಿಲ್ಲ.
ಉರಿ ತಣಿಯಬಹುದು, ಕೆಂಪು ಸ್ವಲ್ಪ ಮಂಕಾಗಬಹುದು,
ದವಡೆಯ ಗಂಟುಗಳು ಇದಕ್ಕೆ ಬಗ್ಗುವವಲ್ಲ,
ಅದಕ್ಕೆ ಮಂಗಳವಾರ ಡಾಕ್ಟರ ಬಳಿ ಸರದಿ ಇದೆ.
ಅವನೂ ಏನೂ ಕೇಳಲಿಲ್ಲ.
ಗಾಳಿ ಬಾಗಿಲು ಬಡಿಯುತ್ತಿತ್ತು.

ಸಿಪ್ಪೆಯಂಚಿನಲ್ಲಿ ಎಲ್ಲೋ ಒಂದು ಎಳೆ ಹಳದಿ ಉಳಿದಿತ್ತೇನೋ,
ಕೆನ್ನೆಯಿಂದ ಜಾರಿ ತುಟಿಗೆ ಬಂತು.
ನಾಲಿಗೆ ಚಾಚಿದ.
ಮೂಗು ಸುಕ್ಕಾಯಿತು, ಕಣ್ಣು ಕಿರಿದಾಯಿತು, ಗಲ್ಲ ನಡುಗಿತು,
ಅದೇ ಮುಖ.
ಚಿಗುರು ಮೀಸೆಯ ಕೆಳಗೆ, ಇಷ್ಟೆಲ್ಲ ಗುಳ್ಳೆಗಳ ಹಿಂದೆ
ಇನ್ನೂ ಅಲ್ಲೇ ಇತ್ತು.

"ಯಾಕೆ ನಗ್ತೀಯ?" ಅಂದ.
"ಕಹಿಯಾ?" ಅಂದೆ.
"ಕಹಿ" ಅಂದ, ಉಗುಳಿದ,
ಇನ್ನೊಂದು ಕೆನ್ನೆ ತಿರುಗಿಸಿದ.