ಸೂಜಿ ಇಳಿದ ಜಾಗ

ಇಜೀನೋ ಬಂದರಿನಲ್ಲಿ ಕ್ರೇನು ನಡೆಸುವವನು.
ನಲವತ್ತು ಮೀಟರು ಮೇಲೆ, ಗಾಜಿನ ಗೂಡಲ್ಲಿ ಕೂತು
ಹಡಗಿನ ಹೊಟ್ಟೆಗೆ ಕೊಕ್ಕೆ ಇಳಿಸುವಾಗ
ಗಾಳಿಗೆ ಗೂಡು ತೂಗಿದರೂ ಹೆದರದವನು.
ಗುರುವಾರ ಸಂಜೆ ಕೈಯ ಗ್ರೀಸು ತೊಳೆದು
ಜೆನೋವಾದ ಈ ಓಣಿಗೆ ಬರುತ್ತಾನೆ,
ಕೈ ಚಾಚಿದರೆ ಎರಡೂ ಗೋಡೆ ತಾಕುವ ಓಣಿ,
ನನ್ನ ಅಂಗಡಿಯ ಹಿಂದಿನ ಮೂಲೆಗೆ.
ಅಲ್ಲಿ ಹಣ್ಣಿನ ಪೆಟ್ಟಿಗೆಗಳಲ್ಲಿ
ದೆವ್ವದ ಸಿನಿಮಾಗಳ ಸಂಗೀತ.

ಒಂದೊಂದೇ ಬೆರಳಲ್ಲಿ ಬಾಗಿಸುತ್ತಾನೆ:
ಕೀಲಿಕಿಂಡಿಯಲ್ಲೊಂದು ಕಣ್ಣು, ಬಾಯಿ ತೆರೆದ ಹುಡುಗಿ,
ಕತ್ತರಿ, ಕಪ್ಪು ಕೈಗವಸು,
ಹಾಲಿನ ಲೋಟದಲ್ಲಿ ತೇಲುವ ನೊಣ.
ಮನೆಯಲ್ಲಿ ಆರುನೂರ ಹದಿನಾಲ್ಕು ಪ್ಲೇಟು,
ಸೀಡಿ ಎಣಿಸಿಲ್ಲ.
ನೋಡಿದ ಸಿನಿಮಾ?
ಒಂದೂ ಇಲ್ಲ.

“ಭಯ ಕಣಮ್ಮಾ” ಅನ್ನುತ್ತಾನೆ, ನೂರು ಕಿಲೋ ಆಸಾಮಿ.
ಮನೆಯ ದೀಪವೆಲ್ಲ ಹೊತ್ತಿಸಿಕೊಂಡು
ಅಂಗಿಗೆ ಇಸ್ತ್ರಿ ತಿಕ್ಕುತ್ತ ಕೇಳುತ್ತಾನಂತೆ.
ಸಂಗೀತ ಒಳಗೆ ಬರಲಿ, ಕುರ್ಚಿಯಲ್ಲಿ ಕೂರಲಿ,
ಸಿನಿಮಾಕ್ಕೆ ಮಾತ್ರ ಬಾಗಿಲ ಮೇಲೆ
ಮೂವತ್ತು ವರ್ಷದಿಂದ ಬರೆದಿಟ್ಟಿದ್ದಾನೆ: ನಾಳೆ ಬಾ.

ಕತೆ ಅವನೇ ಕಟ್ಟಿಕೊಳ್ಳುತ್ತಾನೆ.
“ಇಲ್ಲಿ ಪಿಟೀಲು ಏರುತ್ತಲ್ಲ, ಕೇಳು,
ಮೇಣದ ಬತ್ತಿ ಹಿಡಿದು ಅವಳು
ನೆಲಮಾಳಿಗೆಗೆ ಇಳೀತಿದಾಳೆ.”
ನಾನು ಆ ಸಿನಿಮಾ ನೋಡಿದ್ದೇನೆ.
ಅಲ್ಲಿ ಒಬ್ಬ ಗಂಡಸು
ಕಾರು ನಿಲ್ಲಿಸಲು ಜಾಗ ಹುಡುಕುತ್ತಾನೆ, ಅಷ್ಟೆ.
ಹೇಳಿಲ್ಲ.

ಕಳೆದ ತಿಂಗಳು ಒಂದೇ ಪ್ಲೇಟಿನ ಎರಡು ಪ್ರತಿ ಬಂದವು.
ಒಂದು ಯಾವನೋ ವಕೀಲನದು, ಮೊಹರು ಒಡೆದಿರಲಿಲ್ಲ,
ಬೆಲೆ ಕ್ರೇನಿನವನ ಒಂದು ವಾರದ ಸಂಬಳ.
ಇನ್ನೊಂದು, ಖಾಲಿ ಮಾಡಿದ ಮನೆಯೊಂದರ ಗುಜರಿ:
ಇಲಿ ಕಡಿದ ಮೂಲೆ, ಕೆಂಪು ಶಾಯಿಯಲ್ಲಿ
ಹುಡುಗಿಯ ಅಕ್ಷರ: ಝಿತಾ.
ಅವನು ಅದನ್ನೇ ಎತ್ತಿ ದೀಪಕ್ಕೆ ಓರೆ ಹಿಡಿದ.

ಮೊದಲ ಬದಿ, ಮೂರನೆಯ ಹಾಡು.
ಹಾಡಲ್ಲ, ಮಾತಿಲ್ಲದ ಜೋಗುಳ:
ಆಟಿಕೆ ಪಿಯಾನೋ, ಒಬ್ಬ ಹೆಂಗಸಿನ ಆ… ಆ…
ಅದು ಶುರುವಾಗುವಲ್ಲಿ ಬಿಳಿ ಚುಕ್ಕೆಗಳು,
ಸೂಜಿ ಇಳಿದು ಇಳಿದು ಆದ ಗಾಯ.
ಅದು ಮುಗಿಯುವಲ್ಲಿ ಒಂದು ಗೀರು,
ಅವಸರದಲ್ಲಿ ಎತ್ತಿದ್ದು.
ಅದರಾಚೆ ಗೆರೆಗಳೆಲ್ಲ
ಯಾರೂ ನಡೆಯದ ಹಾದಿಯಂತೆ ಕಪ್ಪಗೆ ಮಿರುಗುತ್ತಿದ್ದವು.

“ಪಾಪ, ನನ್ನ ಹಾಗೇ” ಅಂದ.

ಹಾಕಿದೆವು.
ಜೋಗುಳ ಎಣ್ಣೆಯಲ್ಲಿ ಒಗ್ಗರಣೆ ಸಿಡಿದಂತೆ ಚಟಪಟ,
ಹೆಂಗಸಿನ ದನಿ ಸವೆದು ಸವೆದು
ಗೋಡೆಯಾಚೆಯ ಮನೆಯಲ್ಲಿ ಯಾರೋ
ಯಾರದೋ ಮಗುವನ್ನು ತೂಗುವಂತೆ.
ಆ ಗೀರು ಹತ್ತಿರ ಬಂತು.
ಅವನ ಕೈ ತಾನಾಗಿ ಮೇಲೆದ್ದಿತು.
ಎದ್ದದ್ದು ಗಾಳಿಯಲ್ಲೇ ನಿಂತಿತು.

ಚೀತ್ಕಾರ ಬಂತು.
ಎಷ್ಟು ಶುಭ್ರ! ಒಂದು ಕರಕರ ಇಲ್ಲ, ಧೂಳಿಲ್ಲ,
ಈಗಷ್ಟೇ ಬಾವಿಯಿಂದ ಸೇದಿದ ಹಾಗೆ.
ಪ್ರೀತಿಸಿದ್ದನ್ನು ಕೇಳಿ ಕೇಳಿ ಸವೆಸಿದ್ದಳು,
ಹೆದರಿದ್ದನ್ನು ಮುಟ್ಟದೆ
ಐವತ್ತು ವರ್ಷ ಹೊಸದಾಗಿಟ್ಟಿದ್ದಳು.

ನನ್ನ ಮೈಯೂ ಜುಮ್ಮೆಂದದ್ದು ನಿಜ.
ಪಕ್ಕದ ಮೀನಂಗಡಿಯವಳು ಬಂದು ಇಣುಕಿ ಹೋದಳು.

ಮುಂದಿನ ಗುರುವಾರ ಅದರದ್ದೇ ಸೀಡಿ ತಂದ,
ಹಳೆಯ ಟೇಪಿನಿಂದ ತೊಳೆದು ತೆಗೆದದ್ದು.
ಕೊನೆಗೆ ಸೇರಿಸಿದ್ದಾರೆ: ಚೀತ್ಕಾರ, ಎರಡನೆಯ ಪ್ರಯತ್ನ.
ಕಿರುಚುತ್ತಾಳೆ.
ಆಮೇಲೆ ಕೆಮ್ಮು. ಕುರ್ಚಿ ಸರಿದ ಸದ್ದು.
ಫಕ್ಕನೆ ನಕ್ಕು ಯಾರನ್ನೋ ಕೇಳುತ್ತಾಳೆ,
“ಸ್ವಲ್ಪ ನೀರು ಕೊಡ್ತೀರಾ?”

ಇಜೀನೋ ಅದನ್ನು ಮೂರು ಸಲ ಹಾಕಿಸಿದ.
ಹೊರಡುವಾಗ ಸೀಡಿ ಇಲ್ಲೇ ಬಿಟ್ಟ.
“ಯಾರಾದರೂ ಹಳೇ ಪ್ಲೇಟು ಹುಡುಕಿಕೊಂಡು ಬಂದರೆ,
ಅರವತ್ತು ದಾಟಿದ ಹೆಂಗಸು,
ಹೆಸರು ಕೇಳು.”

ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟಿದ್ದೇನೆ.
ಬೆಲೆ ಬರೆದಿಲ್ಲ.