ಬಿಟ್ಟ ಬಿಳಿ

ದೀಪವನ್ನು ಓರೆಯಾಗಿ ಹಿಡಿದರೆ
ಕಾಗದದ ಮೈಯ ಒರಟು ಎದ್ದು ಕಾಣುತ್ತದೆ.
ಕ್ವಿಬೆಕ್, ಫೆಬ್ರವರಿ, ಸಾವಿರದ ಎಂಟುನೂರ ಮೂವತ್ತೆರಡು:
ಹಿಂಬದಿಯಲ್ಲಿ ಪೆನ್ಸಿಲಿನ ಬರಹ, ಕೊನೆಯಕ್ಷರ ಜಾರಿದೆ,
ಬೆರಳು ಮರಗಟ್ಟಿತ್ತು ಅಂತ ಕಾಣುತ್ತದೆ.

ಆಗಸ್ಟಾ ಫೆನ್‌ವಿಕ್, ದಂಡಿನ ಕ್ಯಾಪ್ಟನ್ನನ ಹೆಂಡತಿ.
ಜಾರುಬಂಡಿಯಿಂದಿಳಿದು, ಮೊಣಕಾಲ ಮೇಲೆ ಹಲಗೆಯಿಟ್ಟು
ಬಟ್ಟಲಿಗೆ ಕುಂಚ ಅದ್ದಿದಳು. ಟಕ್ ಎಂದಿತು.
ಬಂಡಿ ಹೊಡೆಯುವ ಥಿಯೋಫಿಲ್ ಗರಿಯೆಪಿ ನಕ್ಕ,
ಕೋಟಿನೊಳಗಿಂದ ಬ್ರಾಂದಿ ತೆಗೆದ,
ತಾನೊಂದು ಗುಟುಕು ಕುಡಿದು ಉಳಿದದ್ದನ್ನು
ಬಟ್ಟಲಿಗೆ ಸುರಿದ.
(ತಂಗಿಗೆ ಬರೆದ ಕಾಗದದಲ್ಲಿದೆ ಇಷ್ಟೂ.)
ಹಾಗಾಗಿ ಈ ಬಂಡೆಯ ಬೂದು, ಈ ಸ್ಪ್ರೂಸ್ ಮರಗಳ ಕಪ್ಪುಹಸಿರು
ಸ್ವಲ್ಪ ಅಮಲಿನಲ್ಲೇ ಹರಡಿಕೊಂಡಿವೆ.

ಆಕಾಶಕ್ಕೆ ಬರುವಷ್ಟರಲ್ಲಿ ಬ್ರಾಂದಿಯೂ ಸೋತಿತು.
ನೋಡಿ, ಎಡಮೂಲೆಯಲ್ಲಿ, ನೀಲಿಯೊಳಗೆ
ಜರೀಗಿಡದ ಎಲೆಯಂಥ ಗೆರೆಗಳು.
ಯಾರೂ ಬರೆದದ್ದಲ್ಲ. ಒದ್ದೆ ಬಣ್ಣದ ಮೇಲೆ
ಆ ಮಧ್ಯಾಹ್ನದ ಚಳಿ ತಾನೇ ಕೂತು
ಎದ್ದುಹೋದ ಗುರುತು.
ಹಿಮ ಕರಗಿ ಎಷ್ಟು ಕಾಲವಾಯಿತು, ಹೆಬ್ಬೆಟ್ಟು ಉಳಿದಿದೆ.

ಇನ್ನು ಧಬಧಬೆ.
ನಿಂತ ನೀರು ಅಂದರೆ ಕೊಳೆತದ್ದು ಅನ್ನುತ್ತೇವಲ್ಲ,
ಇದೂ ನಿಂತ ನೀರೇ. ಎದ್ದು ನಿಂತದ್ದು,
ನಲವತ್ತಾಳೆತ್ತರ.
ಬುಡದಲ್ಲಿ, ತುಂತುರು ಬಿದ್ದು ಬಿದ್ದು ಕಟ್ಟಿದ
ಸಕ್ಕರೆಯಚ್ಚಿನಂಥ ಗುಡ್ಡ,
ಅದರ ನೆತ್ತಿಯಿಂದ ಹಲಗೆಯೇರಿ ಜಾರುವ
ಇರುವೆಗಾತ್ರದ ನಾಲ್ಕು ಹುಡುಗರು,
ಒಂದು ಕೆಂಪು ಚುಕ್ಕೆ. ಥಿಯೋಫಿಲನ ನಡುಪಟ್ಟಿ.
ಇಡೀ ಚಿತ್ರದಲ್ಲಿ ಬೆಚ್ಚಗಿರುವುದು ಅದೊಂದೇ.

ಆದರೆ ಧಬಧಬೆಯ ಮೇಲೆ ದೀಪ ಎಷ್ಟು ಆಡಿಸಿದರೂ
ಬಣ್ಣದ ಒಂದು ಕಣ ಸಿಗುವುದಿಲ್ಲ.
ಅವಳು ಮುಟ್ಟಲೇ ಇಲ್ಲ.
ಸುತ್ತ ಬಂಡೆ ಬರೆದಳು, ಮರ ಬರೆದಳು, ನೆರಳು ಬರೆದಳು,
ಜಾಗ ಬಿಟ್ಟಳು.
ಬಿಟ್ಟಲ್ಲಿ ನೀರು ತಾನಾಗಿ ಬಂದು ನಿಂತಿತು.

ಈಗ ಆ ಬಿಳಿ ಕೊಂಚ ಹಳದಿಗೆ ತಿರುಗಿದೆ
ಹಳೇ ಹಲ್ಲಿನ ಹಾಗೆ. ತೊಳೆಯಬಹುದು,
ಮ್ಯೂಸಿಯಂ ನನಗೆ ಸಂಬಳ ಕೊಡುವುದೇ ಅದಕ್ಕೆ.
ಅಗಲ ತಟ್ಟೆಗೆ ನೀರು ತುಂಬಿಟ್ಟು ಅರ್ಧ ಗಂಟೆಯಾಯಿತು.
ಪಕ್ಕದ ಮೇಜಿನ ಸೊಲಾಂಜ್ ಎರಡು ಸಲ ಕೇಳಿದಳು,
ಶುರುಮಾಡಿದೆಯಾ?

ಹಳದಿಯ ಜೊತೆ ಆ ಹೆಬ್ಬೆಟ್ಟೂ ಹೋದರೆ?
ಕಿಟಕಿಯಾಚೆ ಸೇಂಟ್ ಲಾರೆನ್ಸ್ ನದಿ
ಬಿಳಿ ಹಲಗೆ ಹಲಗೆಯಾಗಿ ಸರಿಯುತ್ತಿದೆ.
ದೀಪ ಆರಿಸಿದೆ. ತಟ್ಟೆ ಎತ್ತಿ
ತೊಟ್ಟಿಗೆ ಬಗ್ಗಿಸಿದೆ,
ಸದ್ದು ಮಾಡುತ್ತ ಬಿತ್ತು.